ತೊಟ್ಟಿಯ ಉಪ್ಪು ತಿಂದವರು

ಬೆಳಿಗ್ಗೆ ಎದ್ದು ಎಮ್ಮೆಗೆ ಹುಲ್ಲು ಹಾಕಿ, ಜೋಗಿ ನೇರವಾಗಿ ಬಂಗಲೆಯ ಗಾಜಿನ ಜಗಲಿಗೆ ಹೋಗಿ ಮೀನಿನ ತೊಟ್ಟಿಯ ಮುಂದೆ ನಿಂತ. ಕೆಂಪು ಗೆರೆ ಮುಳುಗಿತ್ತು.

ಆ ಗೆರೆ ಇದ್ದದ್ದು ನೀರಿನಲ್ಲಿ ನೆಟ್ಟಗೆ ತೇಲುವ ಒಂದು ಗಾಜಿನ ಕೊಳವೆಯ ಮೇಲೆ. ಹಾಲಿನ ಸೊಸೈಟಿಯಲ್ಲಿ ಹಾಲಿಗೆ ನೀರು ಬೆರೆಸಿದವರನ್ನು ಹಿಡಿದುಕೊಡುವ ಗಾಜಿನ ಕಡ್ಡಿಗೆ ಇದು ಅಣ್ಣನೋ ತಮ್ಮನೋ ಆಗಬೇಕು. ತೊಟ್ಟಿಯಲ್ಲಿ ಉಪ್ಪು ಹದವಾಗಿದ್ದರೆ ಗೆರೆ ಸರಿಯಾಗಿ ನೀರಿನ ಮಟ್ಟಕ್ಕೆ ನಿಲ್ಲುತ್ತದೆ. ಉಪ್ಪು ಹೆಚ್ಚಾದರೆ ಕೊಳವೆ ಮೇಲೇಳುತ್ತದೆ, ಕಡಿಮೆಯಾದರೆ ಇಳಿದು ಗೆರೆ ಮುಳುಗುತ್ತದೆ. ಎರಡರಲ್ಲಿ ಯಾವುದಾದರೂ ಮೀನಿಗೆ ಕೇಡು. ಮೀನಿಗೆ ಕೇಡಾದರೆ ಜೋಗಿಗೆ ಕೇಡು.

ಊಟಿಯ ಹತ್ತಿರದ ಸೋಲೂರಿನ ಮೇಲಿನ ಆ ಬಂಗಲೆಯ ಯಜಮಾನರು ಬಾಲಸುಬ್ರಮಣಿಯನ್. ತೂತ್ತುಕುಡಿಯ ಕಡೆಯವರು. ಹಡಗಿನ ವ್ಯಾಪಾರ ಮಾಡಿ ದಣಿದು, ತಂಪಾಗಿರೋಣವೆಂದು ಸಣ್ಣದೊಂದು ಟೀ ತೋಟ ಕೊಂಡು ಬೆಟ್ಟ ಹತ್ತಿದ್ದರು. ತಂಪು ಅವರಿಗೇನೋ ಒಗ್ಗಿತು, ಹೆಂಡತಿ ವಳ್ಳಿಯಮ್ಮನಿಗೆ ಒಗ್ಗಲಿಲ್ಲ. ಆಕೆ ಉಪ್ಪಿನ ಗದ್ದೆಗಳ ಮನೆಯ ಮಗಳು. ‘ನನ್ನನ್ನು ಒಮ್ಮೆ ಕಡಲಿಗೆ ಕರೆದುಕೊಂಡು ಹೋಗಿ’ ಎಂದು ಕೇಳಿ ಕೇಳಿ, ಹಿಂದಿನ ವರ್ಷದ ಚಳಿಯಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ಬಾಲಸುಬ್ರಮಣಿಯನ್ ಅದಾದ ಮೇಲೆ ಕಡಲನ್ನೇ ಬೆಟ್ಟಕ್ಕೆ ತರಿಸಿದರು. ಲಾರಿಯಲ್ಲಿ ಡ್ರಮ್ಮುಗಟ್ಟಲೆ ಸಮುದ್ರದ ನೀರು ಬಂತು, ಜೀವವಿರುವ ಹವಳದ ಕಲ್ಲು ಬಂತು, ಹೂವೋ ಪ್ರಾಣಿಯೋ ತಿಳಿಯದ ಹಾಗೆ ಅರಳಿ ಮುದುಡುವ ಏನೇನೋ ಬಂತು, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಮೀನುಗಳು ಬಂದವು. ಇದ್ದಾಗ ಮಾಡದ್ದನ್ನು ಸತ್ತ ಮೇಲೆ ಮಾಡುವುದರಲ್ಲಿ ಗಂಡಸರು ಯಾವಾಗಲೂ ಮುಂದು.

ಈ ಕಡಲಿನ ಕಾವಲಿಗೆ ಸಿಕ್ಕಿದವನು ಜೋಗಿ. ಕೊರಳಲ್ಲಿ ಲಿಂಗ ಕಟ್ಟಿದವನು, ಊಟಿಯ ಮಾರ್ಕೆಟ್ಟಿನಲ್ಲಿ ಮೀನಿನಂಗಡಿ ಬಂದರೆ ಉಸಿರು ಬಿಗಿಹಿಡಿದು ಓಡುವ ಮನೆತನದವನು. ಅಂಥವನು ಈಗ ಮೀನಿನ ಊಟೋಪಚಾರ ನೋಡಿಕೊಳ್ಳುತ್ತಾನೆಂದು ಹಟ್ಟಿಯವರೆಲ್ಲ ಆಡಿಕೊಂಡು ನಗುತ್ತಿದ್ದರು. ನಗಲಿ ಎಂದು ಜೋಗಿ ಸುಮ್ಮನಿದ್ದ. ಹಟ್ಟಿಯ ಮನೆ ಅಣ್ಣಂದಿರ ಪಾಲಾಗಿತ್ತು. ಬಂಗಲೆಯ ಹಿಂದಿನ ಎರಡು ಕೋಣೆ ಬಿಟ್ಟರೆ ಅವನಿಗೂ ಹೆಂಡತಿ ಚನ್ನಮ್ಮನಿಗೂ ಬೇರೆ ಸೂರಿರಲಿಲ್ಲ. ಇವನಿಗಿಂತ ಮೊದಲಿದ್ದ ಕಾವಲುಗಾರ ಕಾಳ ಒಂದೇ ಒಂದು ಮೀನು ಸಾಯಲು ಬಿಟ್ಟ. ಅಂದೇ ಅವನ ಟ್ರಂಕು ರಸ್ತೆಗೆ ಬಿತ್ತು.

ಬಾಲಸುಬ್ರಮಣಿಯನ್ ಕೊಯಮತ್ತೂರಿಗೆ ಹೋಗಿದ್ದರು. ಈ ದಿನ ಸಂಜೆಯ ಬಸ್ಸಿಗೆ ಬರುವವರು. ಹೊರಡುವಾಗ ಮತ್ತೆ ಪಾಠ ಹೇಳಿದ್ದರು: “ಡೇ ಜೋಗಿ, ನೀರು ಆವಿಯಾಗಿ ಕಮ್ಮಿ ಆದ್ರೆ ಸಿಹಿನೀರು ಹಾಕು. ಉಪ್ಪುನೀರು ಹಾಕ್ಬೇಡ. ಆವಿ ಆಗೋದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗಲ್ಲ. ತಿಳೀತಾ?”

ತಿಳಿದಿತ್ತು. ಅದಕ್ಕೇ ಈಗ ಜೋಗಿ ತೊಟ್ಟಿಯ ಅಂಚಿಗೆ ಬೆರಳಿಟ್ಟು ಅಳೆದು ನೋಡಿದ. ತೊಟ್ಟಿಯ ನೀರು ನಿನ್ನೆ ಎಷ್ಟಿತ್ತೋ ಅಷ್ಟೇ ಇತ್ತು. ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಎಲ್ಲಿಗೂ ಹೋಗದ ಉಪ್ಪು ಮಾತ್ರ ಎಲ್ಲಿಗೋ ಹೋಗಿತ್ತು.

ಜೋಗಿ ತೊಟ್ಟಿಯಿಂದ ಒಂದು ಬಕೆಟ್ಟು ನೀರು ತೆಗೆದಿಟ್ಟು, ಯಜಮಾನರು ಡಬ್ಬಿಯಲ್ಲಿ ಇಟ್ಟಿದ್ದ ಕಡಲುಪ್ಪನ್ನು ಇನ್ನೊಂದು ಬಕೆಟ್ಟಿನಲ್ಲಿ ಕರಗಿಸಿ, ಸೋಸಿ, ಲೋಟ ಲೋಟವಾಗಿ ಸುರಿದ. ಕೊಳವೆ ಮೆಲ್ಲಗೆ ಎದ್ದಿತು. ಗೆರೆ ಮಟ್ಟಕ್ಕೆ ಬಂದು ನಿಂತಿತು. ಜೋಗಿಯ ಉಸಿರೂ ಅದರ ಜೊತೆಗೇ ಬಂತು.

ಆಗ ಹಾಲಿನ ಕ್ಯಾನು ಹಿಡಿದುಕೊಂಡು ನಂಜ ಬಂದ. ನಂಜ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ಊರಿನ ಸಂಗತಿಗಳನ್ನೂ ಅದೇ ಉತ್ಸಾಹದಿಂದ ಪರೀಕ್ಷೆ ಮಾಡುತ್ತಿದ್ದ. ವಿಷಯ ಕೇಳಿದ್ದೇ ತಡ, ಜೇಬಿನಿಂದ ತನ್ನ ಗಾಜಿನ ಕಡ್ಡಿ ತೆಗೆದ.

“ಏ, ಹಾಲಿನ ಕಡ್ಡೀನ ಅದರೊಳಗೆ ಅದ್ದಬೇಡ ಮಾರಾಯ!” ಜೋಗಿ ಕೂಗುವಷ್ಟರಲ್ಲಿ, ಬಕೆಟ್ಟಿನಲ್ಲಿ ಬೆಳಿಗ್ಗೆ ತೆಗೆದಿಟ್ಟಿದ್ದ ತೊಟ್ಟಿಯ ನೀರಿಗೆ ನಂಜ ಕಡ್ಡಿ ಬಿಟ್ಟಾಗಿತ್ತು. ಹುಬ್ಬು ಗಂಟಿಕ್ಕಿ ನೋಡಿ, “ಇದಕ್ಕೆ ನೀರು ಸೇರಿಸಿದಾರೆ” ಎಂದ.

“ನೀರಿಗೆ ನೀರು ಸೇರಿಸಿದಾರೆ ಅಂತೀಯಲ್ಲ, ನಿನ್ನ ಸೊಸೈಟಿಗೊಂದು ದೊಡ್ಡ ನಮಸ್ಕಾರ. ಆ ಕೆಲಸ ಯಾರಪ್ಪ ಮಾಡ್ತಾರೆ?”

“ಹಂಗಾದ್ರೆ ಉಪ್ಪನ್ನ ಯಾರೋ ತಿಂದಿದಾರೆ” ಎಂದು ತೀರ್ಪು ಕೊಟ್ಟು ನಂಜ ಕ್ಯಾನು ಎತ್ತಿಕೊಂಡು ಹೋದ. ತೊಟ್ಟಿಯ ಉಪ್ಪನ್ನು ಯಾರೋ ತಿನ್ನುತ್ತಿದ್ದಾರೆಂಬ ಸುದ್ದಿ ಹಾಲಿಗಿಂತ ಮೊದಲು ಮನೆಮನೆಗೂ ಮುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮಂಜು ಎದ್ದು ಬಂತು. ಟೀ ಗಿಡಗಳು ಮುಳುಗಿದವು, ಬೇಲಿ ಮುಳುಗಿತು, ಆಮೇಲೆ ಬಂಗಲೆಯ ಮೆಟ್ಟಿಲೂ ಮುಳುಗಿತು. ಜಗಲಿಯ ಗಾಜಿನಾಚೆ ಬಿಳುಪು ಬಿಟ್ಟರೆ ಏನೂ ಇಲ್ಲ. ಒಳಗೆ ತೊಟ್ಟಿಯ ದೀಪದ ನೀಲಿ ಬೆಳಕು, ಗಾಳಿ ಊದುವ ಯಂತ್ರದ ಗುಳುಗುಳು ಸದ್ದು. ಜೋಗಿ ಮುದ್ದೆ ಉಂಡು ಬಂದು ನೋಡಿದರೆ ಗೆರೆ ಮತ್ತೆ ಮುಳುಗಿತ್ತು. ಮೀನುಗಳು ಕಲ್ಲು, ಹೂವು ಎಲ್ಲ ಬಿಟ್ಟು ಒಂದೇ ಮೂಲೆಯಲ್ಲಿ ಗುಂಪಾಗಿ, ತೋಟದ ಕಡೆಯ ಬಾಗಿಲಿಗೆ ಮುಖ ಮಾಡಿ ನಿಂತಿದ್ದವು. ಸಾಕಿದವರು ಮನೆಗೆ ಬಂದಾಗ ನಾಯಿಗಳು ನಿಲ್ಲುತ್ತವಲ್ಲ, ಹಾಗೆ.

ಡಬ್ಬಿಯ ಉಪ್ಪು ಮುಗಿದಿತ್ತು. ಜೋಗಿ ಲಿಂಗಾಜಮ್ಮನ ಅಂಗಡಿಗೆ ಓಡಿದ. ಮೈಸೂರು ಸೀಮೆಯಿಂದ ಬಂದು ಅಂಗಡಿ ಇಟ್ಟ ಮುದುಕಿ ಲಿಂಗಾಜಮ್ಮ. ಊರಿಗೆ ಬೇಕಾದ ಸಾಮಾನನ್ನೂ ಬೇಡವಾದ ಸಲಹೆಯನ್ನೂ ಮಾರುವವಳು, ಎರಡನೆಯದು ಪುಕ್ಕಟೆ.

“ಉಪ್ಪಾ? ಇವತ್ತು ಉಪ್ಪಿನ ಹಬ್ಬ ಕಣ್ಲಾ ಮಗ. ಹಟ್ಟಿಯೋರೆಲ್ಲ ಎಮ್ಮೆಗೆ ಉಪ್ಪುನೀರು ಕುಡ್ಸಾಕೆ ಅಂತ ಮೂಟೆ ಮೂಟೆ ಹೊತ್ಕೊಂಡು ಹಳ್ಳದ ತಾವ್ಕೆ ಹೋದ್ರು. ತಳದಲ್ಲಿ ಒಸಿ ಅದೆ, ತಕೋ.” ತಕ್ಕಡಿ ಹಿಡಿದವಳು ದನಿ ಇಳಿಸಿದಳು. “ಆದ್ರೆ ನಂಗೆ ಗೊತ್ತು ಕಣ್ಲಾ, ತಿಂತಾ ಇರೋರು ಯಾರು ಅಂತ. ಸತ್ತೋರ್ಗೆ ಇಕ್ಕೋ ಎಡೆಗೆ ಉಪ್ಪು ಹಾಕ್ತಾರಾ?”

“ಇಲ್ಲ.”

“ಆಯಮ್ಮ ಸತ್ತು ವರ್ಸದ ಮ್ಯಾಲಾಯ್ತು. ಉಪ್ಪಿನ ಗದ್ದೆಲಿ ಹುಟ್ಟಿ ಬೆಳೆದ ಹೆಣ್ಣು. ಅವತ್ತಿಂದ ಒಂದು ಹರಳು ನಾಲಗೆಗೆ ಬಿದ್ದಿಲ್ಲ. ಎಲ್ಲಿಗೆ ಹೋದಾಳು, ನೀನೇ ಹೇಳು.”

ಜೋಗಿ ಉಪ್ಪಿನ ಪೊಟ್ಟಣವನ್ನು ಎದೆಗೆ ಅವುಚಿಕೊಂಡ. “ಹಂಗೆಲ್ಲ ಅನ್ನಬೇಡ ಅಜ್ಜೀ. ಏನಾದ್ರೂ ಪರಿಹಾರ ಹೇಳು.”

“ದೆವ್ವ ಓಡ್ಸಾಕೆ ಒಂದು ಹಿಡಿ ಉಪ್ಪು ಎಸೀತಾರೆ” ಎಂದವಳು ತಾನೇ ತಡೆದಳು. “ಆದ್ರೆ ಉಪ್ಪಿಗೇ ಬಂದಿರೋ ದೆವ್ವಕ್ಕೆ ಉಪ್ಪು ಎಸೆದ್ರೆ ಊಟಕ್ಕೆ ಕರೆದಂಗೇ ಆಯ್ತದೆ. ಬುಡು, ಶಿವನ ನೆನ್ಕೊಂಡು ಹೋಗು.”

ಜೋಗಿ ಶಿವನನ್ನು ನೆನೆದುಕೊಂಡೇ ಹೋದ, ಉಪ್ಪನ್ನು ಕರಗಿಸಿ ಗೆರೆಯನ್ನು ಮೇಲೆತ್ತಿದ. ತೋಟದ ಬಾಗಿಲಿನ ಅಗುಳಿ ಹಾಕಿ, ಎರಡೆರಡು ಸಲ ಎಳೆದು ನೋಡಿದ. ಕಳ್ಳನೋ ದೆವ್ವವೋ ಇವತ್ತು ಕಂಡೇ ಬಿಡಬೇಕೆಂದು ಬೆತ್ತದ ಕುರ್ಚಿಯ ಹಿಂದೆ ಕಂಬಳಿ ಹೊದ್ದು ಕುಳಿತ. ಹಾಗೆ ನಿರ್ಧರಿಸಿದ್ದು ಅವನು ಆ ದಿನ ಮಾಡಿದ ದೊಡ್ಡ ತಪ್ಪು.

ಎಷ್ಟು ಹೊತ್ತು ಕಳೆಯಿತೋ. ಇದ್ದಕ್ಕಿದ್ದಂತೆ ಗುಳುಗುಳು ಸದ್ದು ನಿಂತಿತು. ಗುಳ್ಳೆಗಳು ಏಳುತ್ತಲೇ ಇದ್ದವು, ಸದ್ದು ಮಾತ್ರ ಇರಲಿಲ್ಲ. ಜೋಗಿ ಕುರ್ಚಿಯ ಸಂದಿನಿಂದ ಇಣುಕಿದ. ಹಾಕಿದ ಅಗುಳಿ ತೆಗೆದಿತ್ತು. ತೆರೆದ ಬಾಗಿಲಿನಿಂದ ಮಂಜು ತನ್ನ ಮನೆಗೇ ಬರುವ ಹಾಗೆ ಒಳಗೆ ಬರುತ್ತಿತ್ತು. ಅದರ ನಡುವೆ, ತೊಟ್ಟಿಯ ಪಕ್ಕ, ಬಿಳಿ ಉಟ್ಟ ಹೆಂಗಸೊಬ್ಬಳು ಬೆನ್ನು ಮಾಡಿ ನಿಂತಿದ್ದಳು. ಅವಳು ಒಂದು ಬೆರಳನ್ನು ನೀರಿಗೆ ಅದ್ದಿದಳು. ಸಾರಿನ ಹದ ನೋಡುವ ಹಾಗೆ ಬಾಯಿಗಿಟ್ಟುಕೊಂಡಳು. ಮೀನುಗಳೆಲ್ಲ ಅವಳ ಬೆರಳಿದ್ದಲ್ಲಿಗೆ ಸರಿದು ಬಂದವು. ಕೆಂಪು ಗೆರೆ, ಜೋಗಿ ನೋಡನೋಡುತ್ತಿದ್ದಂತೆ, ನೀರಿನೊಳಗೆ ಇಳಿಯಿತು.

ಜೋಗಿ ಕಂಬಳಿಯ ಸಮೇತ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹಾರಿ, ಮಂಜಿನಲ್ಲಿ ದಿಕ್ಕು ತಪ್ಪಿ, ಮೊದಲು ಟೀ ಗಿಡದೊಳಗೆ ಬಿದ್ದ, ಆಮೇಲೆ ಸಗಣಿ ಗುಂಡಿಗೆ ಬಿದ್ದ. ಅಲ್ಲಿಂದೆದ್ದು ತನ್ನ ಮನೆಯ ಹೊಸ್ತಿಲಿಗೆ ಬಂದು ಕುಸಿದಾಗ ಕೊರಳಿನ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಇನ್ನೊಂದು ಬಿಳಿ ಆಕಾರ ಅವನತ್ತಲೇ ಬಂತು. ಜೋಗಿ ಕಣ್ಣು ಮುಚ್ಚಿಕೊಂಡ.

“ಇದೇನು ನಿನ್ನ ಅವತಾರ? ಮೈಯೆಲ್ಲ ಸಗಣಿ!” ಎಂದಿತು ಆಕಾರ. ಚನ್ನಮ್ಮ! ಹಟ್ಟಿಯ ಹೆಂಗಸರೆಲ್ಲ ಉಡುವ ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ, ಸೊಂಟದಲ್ಲಿ ಕೊಡ.

ಜೋಗಿಯ ಕಣ್ಣು ಕೊಡದ ಮೇಲೆ ನಿಂತಿತು. ಅದರ ಕಂಠದ ಸುತ್ತ ಉಪ್ಪು ಒಣಗಿ ಬೆಳ್ಳಗೆ ಕಟ್ಟಿತ್ತು. ಬೆರಳಿನಿಂದ ಕೆರೆದು ನೆಕ್ಕಿ ನೋಡಿದ. ಹೆದರಿಕೆಯೆಲ್ಲ ಒಂದೇ ಸಲ ಸಿಟ್ಟಾಯಿತು.

“ತೊಟ್ಟಿ ನೀರು ತೆಗೆದದ್ದು ನೀನಾ?”

ಚನ್ನಮ್ಮ ತಲೆ ತಗ್ಗಿಸಲೂ ಇಲ್ಲ. “ಹೌದು, ನಾನೇ. ಎನ್ನ ಎಮ್ಮೆ ಹೋದ ವರ್ಷ ಕಂದು ಹಾಕಿತು, ಕರು ಉಳೀಲಿಲ್ಲ, ಈ ವರ್ಷ ಹಾಲೂ ಬತ್ತಿತು. ಅಂಗಡಿ ಉಪ್ಪು ಎಷ್ಟು ಕುಡಿಸಿದ್ರೂ ಅಷ್ಟೇ. ಉಪ್ಪಿನ ಅವ್ವ ಅಂದ್ರೆ ಕಡಲು, ಅದರ ನೀರೇ ಮನೇಲಿರುವಾಗ ಅಂಗಡಿ ಉಪ್ಪು ಯಾಕೆ ಅಂತ ಒಂದು ಕೊಡ ತಗೊಂಡೆ. ಕದ್ದೆ ಅನ್ನಬೇಡ. ಒಂದು ಕೊಡ ತೆಗೆದೆ, ಒಂದು ಕೊಡ ಹಳ್ಳದ ನೀರು ತುಂಬಿಸಿಟ್ಟೆ. ಲೆಕ್ಕ ಸರಿಹೋಯ್ತಲ್ಲ!”

ನೀರಿಗೆ ನೀರು ಸೇರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ತನ್ನ ಮನೆಯಲ್ಲೇ ಮುದ್ದೆ ಬೇಯಿಸುತ್ತಿತ್ತು. ಜೋಗಿ ಬೈಯಬೇಕೆಂದು ಬಾಯಿ ತೆರೆದ. ಬಂದದ್ದು ನಗು. ದೆವ್ವವಲ್ಲ, ಹೆಂಡತಿ! ಜಗತ್ತಿನಲ್ಲಿ ಇಂಥ ಸುದ್ದಿಗೆ ಸಂತೋಷಪಟ್ಟ ಗಂಡ ಅವನೊಬ್ಬನೇ ಇರಬೇಕು. ಇನ್ನು ಆ ಕಡೆ ಕಾಲಿಡಬೇಡವೆಂದು ಆಣೆ ಹಾಕಿಸಿ, ಅವಳು ಎಮ್ಮೆ ಹೊಡೆದುಕೊಂಡು ಮತ್ತೆ ಹಳ್ಳಕ್ಕೆ ಹೋದ ಮೇಲೆ, ಮೈ ತೊಳೆದು, ಮನೆಯಲ್ಲಿದ್ದ ಉಪ್ಪಿನ ಮರಿಗೆಯನ್ನೇ ಹೊತ್ತು ಬಂಗಲೆಗೆ ನಡೆದ. ಗೆರೆಯನ್ನು ಮೂರನೆಯ ಸಲ ಮೇಲೆತ್ತುವಾಗ ಸಣ್ಣಗೆ ಹಾಡಿಕೊಳ್ಳುತ್ತಲೂ ಇದ್ದ.

ಹಾಡು ಮುಗಿಯುವ ಮೊದಲೇ ಬಾಲಸುಬ್ರಮಣಿಯನ್ ಬಂದುಬಿಟ್ಟರು. ಅವರ ಚೀಲ ಹೊತ್ತು ಬಸ್ ಸ್ಟಾಂಡಿನಿಂದ ಜೊತೆಗೆ ಬಂದವನು ನಂಜ. ಬೇರೆ ಯಾರು ಬಂದರೂ ಆಗುತ್ತಿತ್ತು.

ಯಜಮಾನರು ತೊಟ್ಟಿಯನ್ನು ನೋಡಿದರು, ಮೀನುಗಳನ್ನು ಎಣಿಸಿದರು, ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ನೆಲದ ಮೇಲಿದ್ದ ಖಾಲಿ ಡಬ್ಬಿ, ಅಂಗಡಿಯ ಪೊಟ್ಟಣ, ಮರಿಗೆ ಎಲ್ಲವನ್ನೂ ನೋಡಿದರು. “ಇಷ್ಟು ಉಪ್ಪು ಯಾಕಪ್ಪಾ?”

“ನಾನ್ ಹೇಳ್ತೀನಿ ಅಯ್ಯಾ” ಎಂದ ನಂಜ. “ಬೆಳಿಗ್ಗೆಯಿಂದ ತೊಟ್ಟಿ ಉಪ್ಪು ಮಾಯ ಆಗ್ತಾ ಇದೆ. ಯಾರೋ ನೀರು ಎತ್ತಿದಾರೆ.”

ಬಾಲಸುಬ್ರಮಣಿಯನ್ ಅವರ ಮುಖ ಕಪ್ಪಿಟ್ಟಿತು. “ನನ್ನ ಕಡಲಿಗೆ ಕೈ ಹಾಕಿದ್ದು ಯಾರು? ಯಾರೋ ಹೇಳು ಜೋಗಿ. ಅವರನ್ನ ಪೊಲೀಸಿಗೆ ಕೊಡ್ತೀನಿ. ಹೇಳದಿದ್ರೆ ನಿನ್ನ ಟ್ರಂಕು ಈಗಲೇ ರಸ್ತೆಗೆ.”

ಜೋಗಿಯ ಕಣ್ಣ ಮುಂದೆ ಪೊಲೀಸು ಬಂತು, ರಸ್ತೆ ಬಂತು, ಕೊಡ ಹಿಡಿದು ಲೆಕ್ಕ ಒಪ್ಪಿಸುವ ಚನ್ನಮ್ಮನೂ ಬಂದಳು. ಹೆಂಡತಿಯನ್ನು ಹೇಗೆ ಕೊಡುವುದು? ನಾಲಗೆ ತಾನಾಗಿಯೇ ಹೊರಳಿತು. “ಅಮ್ಮಾವ್ರು ಅಯ್ಯಾ.”

“ಯಾವ ಅಮ್ಮಾವ್ರು?”

“ನಮ್ಮ ವಳ್ಳಿಯಮ್ಮಾವ್ರು. ಬಿಳಿ ಉಟ್ಕೊಂಡು ಮಂಜಲ್ಲಿ ಬಂದು ಉಪ್ಪು ರುಚಿ ನೋಡ್ತಾರೆ. ಎನ್ನ ಕಣ್ಣಾರೆ ಕಂಡೆ.”

ಏಟು ಬೀಳುತ್ತದೆಂದು ಜೋಗಿ ಕಣ್ಣು ಮುಚ್ಚಿದ. ಬೀಳಲಿಲ್ಲ. ತೆರೆದಾಗ ಬಾಲಸುಬ್ರಮಣಿಯನ್ ಬೆತ್ತದ ಕುರ್ಚಿಯಲ್ಲಿ ಕುಸಿದಿದ್ದರು. ಅಷ್ಟು ದೊಡ್ಡ ಮನುಷ್ಯರ ಗಲ್ಲ ಮಗುವಿನ ಗಲ್ಲದ ಹಾಗೆ ನಡುಗುತ್ತಿತ್ತು. “ಬಂದ್ಳಾ... ಕಡೆಗೂ ಬಂದ್ಳಾ” ಎಂದರು. ಸುಳ್ಳು ಹೇಳಿದ್ದಕ್ಕೆ ಜೋಗಿಗೆ ನಿಜವಾಗಿ ನಾಚಿಕೆಯಾಯಿತು.

ಬಹಳ ಹೊತ್ತಾದ ಮೇಲೆ ಅವರು ಎದ್ದರು. ದನಿಯೂ ಎದ್ದಿತು. “ಮಂಜು ಇನ್ನೂ ಇದೆ. ಮತ್ತೆ ಬರ್ತಾಳೆ. ನಾನು ಒಳಕೋಣೆಯ ಗಾಜಿನಿಂದ ನೋಡ್ತೀನಿ. ಅವಳು ಬಂದ್ರೆ ನಿನ್ನ ಕೆಲಸ ಖಾಯಂ, ಆ ಮನೆ ನಿಂದೇ. ಬರದಿದ್ರೆ...” ಬೆರಳು ಎತ್ತಿ ತೋರಿಸಿದರು. “ಸತ್ತವಳ ಹೆಸರಲ್ಲಿ ಸುಳ್ಳು ಹೇಳಿದವನಿಗೆ ಈ ಬೆಟ್ಟದಲ್ಲಿ ಎಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ. ನೀವಿಬ್ಬರೂ ಈಗ ಹೊರಗೆ ಹೋಗಿ.”

ಜೋಗಿ ನಂಜನನ್ನು ಗೇಟಿನಾಚೆ ದಬ್ಬಿ ಮನೆಗೆ ಓಡಿದ. ಬೇಡವೆಂದಾಗ ಬಂದ ಚನ್ನಮ್ಮ ಬೇಕೆಂದಾಗ ಇಲ್ಲ. ಕೂಗಿದ, ಮಂಜು ಕೂಗನ್ನು ನುಂಗಿತು. ಹಗ್ಗದ ಮೇಲೆ ಅವಳ ಇನ್ನೊಂದು ಬಿಳಿ ಬಟ್ಟೆ ಒಣಗುತ್ತಿತ್ತು. ಜೋಗಿ ಅದನ್ನು ನೋಡಿದ, ತನ್ನ ಹಣೆಬರಹವನ್ನೂ ನೋಡಿಕೊಂಡ. ಮರುಕ್ಷಣ ಎದೆಯವರೆಗೆ ಬಟ್ಟೆ ಸುತ್ತಿ, ತಲೆಗೆ ವಸ್ತ್ರ ಕಟ್ಟಿ, ಅದರ ತುದಿಯನ್ನು ಮೀಸೆಯ ಮೇಲೆ ಎಳೆದುಕೊಂಡು, ಚೊಂಬು ಹಿಡಿದು ತೋಟದ ಕಡೆಯಿಂದ ಹೊರಟ.

ಬಾಗಿಲು ತೆರೆದಿತ್ತು. ಒಳಗೆ ಸದ್ದಿರಲಿಲ್ಲ. ನೀಲಿ ಬೆಳಕಿನಲ್ಲಿ ತೊಟ್ಟಿಯ ಪಕ್ಕ ಬಿಳಿ ಉಟ್ಟವಳು ಆಗಲೇ ನಿಂತಿದ್ದಳು.

ಜೋಗಿಗೆ ಮೈಯೆಲ್ಲ ಉರಿಯಿತು. ಆಣೆ ಹಾಕಿಸಿದ್ದರೂ ಮತ್ತೆ ಬಂದಿದ್ದಾಳಲ್ಲ! ತೆವಳಿದ ಹಾಗೆ ನಡೆದು ಅವಳ ಮಗ್ಗುಲಿಗೆ ಹೋಗಿ, ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ: “ಚನ್ನೀ, ಅಯ್ಯ ಒಳಗಿಂದ ನೋಡ್ತಾ ಇದಾರೆ. ನಾ ಬಂದಿದೀನಿ. ನೀ ಹೋಗು.” ಅವಳು ಹೋಗಲಿಲ್ಲ, ತಿರುಗಲೂ ಇಲ್ಲ. ಬಾವಿಕಟ್ಟೆಯಲ್ಲಿ ಇನ್ನೊಬ್ಬಳಿಗೆ ಜಾಗ ಬಿಡುವ ಹಾಗೆ ಒಂದಿಷ್ಟು ಆಚೆ ಸರಿದಳು. ಸರಿದ ಕಡೆಯಿಂದ ಒಂದು ವಾಸನೆ ಬಂತು. ಜೋಗಿ ಹುಟ್ಟಿದಾಗಿನಿಂದ ಕಾಣದ, ಯಾವುದೋ ದೊಡ್ಡ ನೀರಿನ ವಾಸನೆ. ಇವಳಿಗೆ ಆಮೇಲೆ ಬುದ್ಧಿ ಕಲಿಸುತ್ತೇನೆಂದುಕೊಂಡು ಅವನು ಚೊಂಬು ಅದ್ದಿ, ತುಂಬಿಕೊಂಡು, ದೆವ್ವಕ್ಕೆ ತಕ್ಕ ಗಾಂಭೀರ್ಯದಿಂದ ಹೊರಗೆ ನಡೆದ.

ಬೇಲಿಯ ಹತ್ತಿರ ಬಟ್ಟೆ ಬಿಚ್ಚುತ್ತಿರುವಾಗ ಹಳ್ಳದ ದಾರಿಯಿಂದ ಗಂಟೆಯ ಸದ್ದು ಕೇಳಿತು. ಎಮ್ಮೆಗಳು ಬಂದವು. ಹಿಂದೆ ಹಟ್ಟಿಯವರೆಲ್ಲ, ಅವರ ನಡುವೆ ಮೊಣಕಾಲವರೆಗೆ ಕೆಸರಾಗಿ, ಲಿಂಗಾಜಮ್ಮನ ಜೊತೆ ಹರಟುತ್ತ ಚನ್ನಮ್ಮ.

“ನೀ... ನೀ ಎಲ್ಲಿದ್ದೆ?”

“ಎಲ್ಲಿ ಅಂದ್ರೆ? ಹಳ್ಳದಲ್ಲಿ. ಬೆಳಿಗ್ಗೆ ಕತ್ತಲಲ್ಲಿ ಒಂದು ಕೊಡ ಹೊತ್ತದ್ದೇ ಬಂತು, ಆಮೇಲೆ ಬಂಗ್ಲೆ ಕಡೆ ತಲೆ ಹಾಕಿಲ್ಲ. ಅದ್ಸರಿ, ಎನ್ನ ಬಟ್ಟೆ ನೀ ಯಾಕೆ ಉಟ್ಟಿದೀ?”

ಜೋಗಿಯ ಕೈಯಿಂದ ಚೊಂಬು ಜಾರಿತು. ಅಷ್ಟರಲ್ಲಿ ಬಂಗಲೆಯಿಂದ “ಜೋಗೀ! ಡೇ ಜೋಗೀ!” ಎಂಬ ಕೂಗು ಬಂತು. ಕಾಲುಗಳು ಒಲ್ಲೆವೆಂದರೂ ಅವನು ಹೋದ.

ಬಾಲಸುಬ್ರಮಣಿಯನ್ ತೊಟ್ಟಿಯ ಪಕ್ಕ ನಿಂತಿದ್ದರು. ಕಣ್ಣಲ್ಲಿ ನೀರು, ಮುಖದಲ್ಲಿ ವರ್ಷದಿಂದ ಯಾರೂ ಕಾಣದ ನಗು. “ಬಂದಿದ್ಳು ಜೋಗಿ. ನನ್ನ ವಳ್ಳಿಯೇ. ಆ ನಿಲುವು ನನಗೆ ಗೊತ್ತಾಗಲ್ವಾ? ನೀನು ಹೇಳಿದ್ದು ಸತ್ಯ. ಕೆಲಸ ಖಾಯಂ.” ಅವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ನಗು ಸ್ವಲ್ಪ ಮಾಸಿತು. “ಆದ್ರೆ ಅವಳ ಹಿಂದೆ ಇನ್ನೊಬ್ಬಳು ಬಂದ್ಳಪ್ಪ. ಯಾವುದೋ ಕೆಟ್ಟ ಪಿಶಾಚಿ. ದಪ್ಪಗೆ, ಕಾಲು ಎಳೆದುಕೊಂಡು... ಮೀಸೆ ಕೂಡ ಇದ್ದ ಹಾಗಿತ್ತು. ನನ್ನ ವಳ್ಳಿಯನ್ನ ಪಕ್ಕಕ್ಕೆ ತಳ್ಳಿ, ಚೊಂಬು ತುಂಬಾ ನೀರು ಎತ್ಕೊಂಡು ಹೋದ್ಳು.”

“ಹೌದಾ ಅಯ್ಯಾ” ಎಂದ ಜೋಗಿ. ದನಿ ತನ್ನದೆಂದು ಅವನಿಗೇ ಅನ್ನಿಸಲಿಲ್ಲ.

“ಅವಳು ಇನ್ನೊಂದು ಸಲ ಈ ಕಡೆ ಬರಬಾರದು. ಅದಕ್ಕೆ ಇವತ್ತಿನಿಂದ ನೀನು ಹಿಂದಿನ ಮನೇಲಿ ಮಲಗಬೇಡ. ಇಲ್ಲೇ ಮಲಗು, ತೊಟ್ಟಿಗೆ ಒತ್ತಿಕೊಂಡು. ಬಾಗಿಲು ಮಾತ್ರ ಹಾಕ್ಬೇಡ, ವಳ್ಳಿ ಬರಬೇಕಲ್ಲ.” ಅವರು ತಾವೇ ಒಳಗೆ ಹೋಗಿ ಚಾಪೆ ತಂದು ಹಾಸಿದರು. “ಒಬ್ಬಳೇ ನಿಂತಿರ್ತಾಳೆ ಪಾಪ. ಅವಳಿಗೂ ಒಂದು ಜೊತೆ ಆಗುತ್ತೆ.”